ಕಾರವಾರದಲ್ಲಿ ನಾಯಿ ಸಾಕುವವರಿಗೆ ಊರು ಎಷ್ಟು ಅನುಕೂಲ?

ಹುಬ್ಬಳ್ಳಿ_ಕಡೆಯವ

ಮೇ ತಿಂಗಳಲ್ಲಿ ಕಾರವಾರಕ್ಕೆ ವರ್ಗ. ಜೊತೆಗೆ ಬರುವವು ಎರಡು: ನಾಲ್ಕು ವರ್ಷದ ಗಂಡು ಲ್ಯಾಬ್ರಡಾರ್, ತೂಕ 32 ಕೆಜಿ, ಮತ್ತೊಂದು ಮೂರು ತಿಂಗಳ ನಾಡತಳಿಯ ಹೆಣ್ಣು ಮರಿ. ಬಾಡಿಗೆ ಮನೆ ಯಾವ ಭಾಗದಲ್ಲಿ ನೋಡಬೇಕು, ಓಡಾಡಿಸಲು ಜಾಗ ಎಲ್ಲಿದೆ, ಮಳೆಗಾಲ ಹೇಗೆ, ರಾತ್ರಿ ಏನಾದರೂ ಆದರೆ ಎಲ್ಲಿಗೆ ಓಡಬೇಕು? ತಿಳಿದವರು ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಕೋಡಿಬಾಗ_ದಂಡೆ

ಇದ್ದದ್ದು ಹೇಳುವುದಾದರೆ, ಅಕ್ಟೋಬರಿನಿಂದ ಫೆಬ್ರವರಿವರೆಗೆ ನಾಯಿ ಇರುವವರಿಗೆ ಇಷ್ಟು ಒಳ್ಳೆಯ ಊರು ಕರಾವಳಿಯಲ್ಲಿ ಕಡಿಮೆ. ಮಾರ್ಚ್‌ನಿಂದ ಮೇವರೆಗೆ ಹೊತ್ತು ನೋಡಿ ನಡೆದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್ ಕಷ್ಟದ ಕಾಲ. ನಾಯಿಗಳಿಗೆಂದೇ ಮಾಡಿದ ಉದ್ಯಾನವನ್ನು ಇಲ್ಲಿ ಹುಡುಕಬೇಡಿ. ಇರುವುದು ಕಡಲತೀರ, ಗದ್ದೆಯ ಅಂಚು, ಒಳರಸ್ತೆ, ಇಷ್ಟೇ.

ರವೀಂದ್ರನಾಥ ಟಾಗೋರ್ ಕಡಲತೀರ ಪೇಟೆಗೆ ತಾಗಿಕೊಂಡೇ ಇದೆ, ಆದರೆ ಪೇಟೆಗೂ ಕಡಲಿಗೂ ನಡುವೆ ರಾಷ್ಟ್ರೀಯ ಹೆದ್ದಾರಿ 66. ಈ ತೀರದಲ್ಲಿ ನಾಯಿಗೆ ಇರುವ ದೊಡ್ಡ ಅಪಾಯ ನೀರಿನದಲ್ಲ, ಆ ರಸ್ತೆಯದು. ಮರಳು ಕಂಡ ತಕ್ಷಣ ನಾಯಿ ಮುಂದಕ್ಕೆ ಎಳೆಯುತ್ತದೆ. ಆದ್ದರಿಂದ ರಸ್ತೆ ದಾಟುವಾಗ ಒಂದೂವರೆ ಮೀಟರಿನ ಗಟ್ಟಿ ಹಗ್ಗವೇ ಇರಲಿ, ಬಟನ್ ಒತ್ತಿದರೆ ಉದ್ದವಾಗುವ ಬೆಲ್ಟು ಬೇಡ. ಕುತ್ತಿಗೆ ಪಟ್ಟಿ ಸಡಿಲವಿದ್ದರೆ ನಾಯಿ ಹಿಂದಕ್ಕೆ ಜಗ್ಗಿ ತಲೆ ಕಳಚಿಕೊಳ್ಳುತ್ತದೆ. ಎದೆಗೆ ಹಾಕುವ ಪಟ್ಟಿ ಒಳ್ಳೆಯದು.

ಹೊತ್ತಿನ ವಿಷಯದಲ್ಲಿ ಗಡಿಯಾರದ ಜೊತೆ ಕಡಲಿನ ಇಳಿತ-ಭರತ (ನೀರು ಇಳಿಯುವ, ಏರುವ ಹೊತ್ತು) ಎರಡನ್ನೂ ನೋಡಬೇಕು. ಇಳಿತವಿದ್ದಾಗ ನೀರಿನಂಚಿನ ಮರಳು ಒದ್ದೆಯಾಗಿ ಗಟ್ಟಿಯಾಗಿರುತ್ತದೆ, ತಂಪೂ ಇರುತ್ತದೆ, ನಾಯಿಯ ಕೀಲಿಗೆ ಹಿತ. ಭರತದಲ್ಲಿ ಮೇಲಿನ ಒಣ ಮರಳಷ್ಟೇ ಉಳಿಯುತ್ತದೆ. ಅದರಲ್ಲಿ ಕಾಲು ಹೂತುಕೊಂಡು ನಡೆಯಬೇಕಾಗಿ ಲ್ಯಾಬ್ರಡಾರಿನಂಥ ಭಾರದ ನಾಯಿ ಬೇಗ ಸೋಲುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಹಾಗಾಗಿ ಈ ವಾರ ಬೆಳಗ್ಗೆ ಸಿಕ್ಕಿದ ಗಟ್ಟಿ ಮರಳು ಮುಂದಿನ ವಾರ ಅದೇ ಹೊತ್ತಿಗೆ ಸಿಗುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ದೂರ ಇಳಿಯುತ್ತದೆ.

ಕನಿಷ್ಠ ಒಂದು ಲೀಟರ್ ಸಿಹಿನೀರು ಒಯ್ಯಿರಿ, ಹದಿನೈದು ನಿಮಿಷಕ್ಕೊಮ್ಮೆ ಕುಡಿಸಿ. ಬಾಯಾರಿದ ನಾಯಿ ಅಲೆಯ ನೀರು ಕುಡಿಯುತ್ತದೆ. ಸ್ವಲ್ಪ ಕುಡಿದರೆ ಭೇದಿ, ಹೆಚ್ಚು ಕುಡಿದರೆ ವಾಂತಿ, ತೂರಾಟ. ಅಲೆಯೊಳಗೆ ಚೆಂಡೆಸೆದು ತರಿಸುವ ಆಟದಲ್ಲಿ ಇದು ಗೊತ್ತಿಲ್ಲದೇ ನಡೆಯುತ್ತದೆ, ಪ್ರತಿ ಸಲ ಬಾಯಿ ತೆರೆದಾಗ ಒಂದಿಷ್ಟು ಉಪ್ಪುನೀರು ಒಳಗೆ ಹೋಗಿರುತ್ತದೆ. ಆಟ ಹತ್ತು ನಿಮಿಷಕ್ಕೆ ನಿಲ್ಲಿಸಿ.

ಬೈತಕೋಲ ಬಂದರಿನ ಕಡೆ ನಾಯಿ ಒಯ್ಯಬೇಡಿ. ನೈಲಾನ್ ಬಲೆಯ ತುಂಡು, ಗಾಳ, ಮೀನಿನ ತ್ಯಾಜ್ಯ, ಅದಕ್ಕೆ ಕಾದಿರುವ ಬೀದಿನಾಯಿಗಳ ಹಿಂಡು ಎಲ್ಲಾ ಅಲ್ಲೇ. ಗಾಳ ತುಟಿಗೆ ಚುಚ್ಚಿದರೆ ಹಿಂದಕ್ಕೆ ಎಳೆಯಬಾರದು, ಕೊಕ್ಕೆಯ ಮುಳ್ಳು ಮಾಂಸ ಹರಿಯುತ್ತದೆ. ತುದಿಯನ್ನು ಮುಂದಕ್ಕೆ ದೂಡಿ ಹೊರಬರಿಸಿ, ಮುಳ್ಳನ್ನು ಪಕ್ಕಡದಿಂದ ಕತ್ತರಿಸಿ, ಆಮೇಲೆ ಹಿಂದಕ್ಕೆ ತೆಗೆಯಬೇಕು. ನುಂಗಿದ್ದರೆ ದಾರ ಕಂಡರೂ ಎಳೆಯದೆ ನೇರ ವೈದ್ಯರ ಹತ್ತಿರ.

ಪಶುವೈದ್ಯ_ಉ.ಕ.

ಮೇ ತಿಂಗಳಲ್ಲೇ ಬರುತ್ತಿದ್ದೀರಿ, ಆದ್ದರಿಂದ ಸೆಕೆಯ ವಿಷಯ ಮೊದಲು. ಹುಬ್ಬಳ್ಳಿಯ ಬಿಸಿಲು ಒಣಬಿಸಿಲು. ಇಲ್ಲಿ ಉಷ್ಣತೆ ಅಲ್ಲಿಗಿಂತ ಕಡಿಮೆ ತೋರಿಸಿದರೂ ಗಾಳಿಯಲ್ಲಿ ನೀರಿನಂಶ ತುಂಬಿರುತ್ತದೆ. ನಾಯಿ ಮೈ ತಣಿಸಿಕೊಳ್ಳುವುದು ಏದುಸಿರಿನಿಂದ, ನಾಲಿಗೆಯ ತೇವ ಆರಿದಾಗ. ಗಾಳಿಯೇ ಒದ್ದೆಯಾದರೆ ಆ ತೇವ ಆರುವುದಿಲ್ಲ, ಎಷ್ಟು ಏದಿದರೂ ಶಾಖ ಹೊರಗೆ ಹೋಗುವುದಿಲ್ಲ. ಆದ್ದರಿಂದ ಬಂದ ಮೊದಲ ಎರಡು-ಮೂರು ವಾರ ಬೆಳಗ್ಗೆ ಏಳರೊಳಗೆ ಮತ್ತು ಸೂರ್ಯ ಮುಳುಗಿದ ಮೇಲೆ, ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬೇಡ.

ನಾಯಿಯ ಸಹಜ ಉಷ್ಣತೆ 38.3ರಿಂದ 39.2 ಡಿಗ್ರಿ. 40 ದಾಟಿ, ನಾಲಿಗೆ ಕಡುಕೆಂಪಾಗಿ, ಜೊಲ್ಲು ಅಂಟಂಟಾಗಿ, ಹೆಜ್ಜೆ ತಪ್ಪತೊಡಗಿದರೆ ಅದು ಉಷ್ಣಾಘಾತ. ನೆರಳಿಗೆ ತಂದು ಹೊಟ್ಟೆ, ತೊಡೆಸಂದಿ, ಪಾದಕ್ಕೆ ಸಾಧಾರಣ ನಲ್ಲಿನೀರು ಸುರಿಯುತ್ತಾ ಫ್ಯಾನ್ ಗಾಳಿ ಹಾಕಿ. ಮಂಜುಗಡ್ಡೆ ನೀರು ಬೇಡ, ಚರ್ಮದ ರಕ್ತನಾಳ ಕುಗ್ಗಿ ಒಳಗಿನ ಶಾಖ ಒಳಗೇ ಉಳಿಯುತ್ತದೆ. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಡುವುದೂ ತಪ್ಪು, ಅದು ಬೆಚ್ಚಗಾಗಿ ಕಂಬಳಿಯಂತೆ ಕೆಲಸ ಮಾಡುತ್ತದೆ. 39.5ಕ್ಕೆ ಇಳಿದಾಗ ನಿಲ್ಲಿಸಿ, ಇಲ್ಲದಿದ್ದರೆ ಮೈ ತೀರಾ ತಣ್ಣಗಾಗುತ್ತದೆ. ಚೇತರಿಸಿಕೊಂಡಂತೆ ಕಂಡರೂ ಅದೇ ದಿನ ತೋರಿಸಿ, ಮೂತ್ರಪಿಂಡದ ತೊಂದರೆ ಎರಡು-ಮೂರು ದಿನ ತಡವಾಗಿ ಕಾಣಿಸಿಕೊಳ್ಳುವುದುಂಟು.

32 ಕೆಜಿ ಲ್ಯಾಬ್ರಡಾರ್ ಎಂದಿರಿ. ಪಕ್ಕೆಲುಬು ಕೈಗೆ ಸಿಗದಿದ್ದರೆ ಬರುವುದರೊಳಗೆ ಎರಡು ಕೆಜಿ ಇಳಿಸಿ. ಚಪ್ಪಟೆ ಮೂತಿಯ ಪಗ್, ದಟ್ಟ ರೋಮದ ಹಸ್ಕಿ ತರುವ ಯೋಚನೆ ಯಾರಿಗಾದರೂ ಇದ್ದರೆ ಈ ಊರಿಗೆ ಬೇಡವೇ ಬೇಡ. ನಾಡತಳಿ, ಮುಧೋಳದಂಥ ಗಿಡ್ಡ ರೋಮದವು ಇಲ್ಲಿ ಆರಾಮಾಗಿ ಇರುತ್ತವೆ.

ಮಾಜಾಳಿ_ಗಾಳಿ

ಸದಾಶಿವಗಡ ದಾಟಿ ಮಾಜಾಳಿಗೆ ಬನ್ನಿ ಮಾರಾಯ್ರೆ. ಟಾಗೋರ್ ತೀರದ ಜನಜಂಗುಳಿ ಅಲ್ಲಿಲ್ಲ. ಬೆಳಿಗ್ಗೆ ಆರಕ್ಕೆ ಹಗ್ಗ ಬಿಚ್ಚಿ ಬಿಟ್ಟರೆ ನಾಯಿ ಮನಸಾರೆ ಓಡುತ್ತದೆ. ಓಡದ ಲ್ಯಾಬ್ರಡಾರ್ ಮನೆಯೊಳಗೆ ಸೋಫಾ ಕಡಿಯುತ್ತದೆ, ದಪ್ಪವಾಗುತ್ತದೆ. ಕಟ್ಟಿಕೊಂಡೇ ನಡೆಸುವುದಾದರೆ ಕಡಲ ಊರಿನಲ್ಲಿ ಇದ್ದೇನು ಉಪಯೋಗ? ಕಪ್ಪು ಮರಳಿನ ತಿಳಮಾತಿ ತೀರಕ್ಕೆ ಮಾತ್ರ ಬಿಸಿಲಲ್ಲಿ ಒಯ್ಯಬೇಡಿ. ಕಪ್ಪು ಮರಳು ಬಿಳಿ ಮರಳಿಗಿಂತ ಬೇಗ ಕಾಯುತ್ತದೆ, ಅಂಗಾಲು ಸುಡುತ್ತದೆ. ಅಂಗೈಯ ಹಿಂಭಾಗವನ್ನು ಏಳು ಸೆಕೆಂಡ್ ಮರಳಿನ ಮೇಲೆ ಇಡಲಾಗದಿದ್ದರೆ ನಾಯಿಯೂ ನಡೆಯಬಾರದು.

ಇನ್ನೊಂದು ವಿಷಯ. ರಂಪಣಿ (ದಡಕ್ಕೆ ಎಳೆಯುವ ದೊಡ್ಡ ಬಲೆ) ಎಳೆದ ಮೇಲೆ ಬೇಡದ ಮೀನು ದಂಡೆಯಲ್ಲೇ ಬಿದ್ದಿರುತ್ತದೆ. ಅದರಲ್ಲಿ ಹೊಟ್ಟೆ ಉಬ್ಬಿಸಿ ಚೆಂಡಿನಂತಾಗುವ ಮೀನು ಇದ್ದರೆ ನಾಯಿ ಬಾಯಿ ಹಾಕದಂತೆ ನೋಡಿ, ಅದು ವಿಷ. ತುಟಿ ಮರಗಟ್ಟಿ, ಹಿಂಗಾಲು ಸೋತು, ಕೊನೆಗೆ ಉಸಿರಾಟ ನಿಲ್ಲುತ್ತದೆ. ಆ ವಿಷಕ್ಕೆ ಪ್ರತಿಮದ್ದು ಇಲ್ಲ.

ದೇವಬಾಗ_ಕಾವಲು

ಮಾಜಾಳಿಯವರ ಮಾತಿನಲ್ಲಿ ಮರಳು, ಮೀನು ಎರಡೂ ಸರಿ. ಹಗ್ಗ ಬಿಚ್ಚುವ ಮಾತನ್ನು ಒಪ್ಪಲಾಗುವುದಿಲ್ಲ.

ದೇವಬಾಗ, ಮಾಜಾಳಿ ತೀರಗಳಿಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಹೆಚ್ಚಾಗಿ ಡಿಸೆಂಬರಿನಿಂದ ಮಾರ್ಚ್‌ವರೆಗೆ, ರಾತ್ರಿ ಹೊತ್ತು. ಗೂಡು ಒಂದೂವರೆ ಅಡಿಯಷ್ಟು ಆಳ, ಒಂದರಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿಯಾಗಲು 45ರಿಂದ 60 ದಿನ. ಅಂದರೆ ಮೇವರೆಗೂ ಮರಳಿನಡಿ ಜೀವ ಇರುತ್ತದೆ. ನಾಯಿಗೆ ಆ ವಾಸನೆ ಮೇಲಿನಿಂದಲೇ ಸಿಗುತ್ತದೆ. ಒಂದು ನಾಯಿ ಕೆಲವೇ ನಿಮಿಷದಲ್ಲಿ ಇಡೀ ಗೂಡು ಬಗೆದು ಮುಗಿಸುತ್ತದೆ. ಅರಣ್ಯ ಇಲಾಖೆಯವರು ಗೂಡಿಗೆ ಬಲೆ ಕಟ್ಟಿ ಕಾಯುವುದು ಮುಖ್ಯವಾಗಿ ನಾಯಿಗಳಿಂದಲೇ. ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ. ನಿಮ್ಮ ನಾಯಿ ಮೊಟ್ಟೆ ತಿಂದರೆ ಅದು ಸಣ್ಣ ವಿಷಯವಾಗಿ ಉಳಿಯುವುದಿಲ್ಲ.

ಡಿಸೆಂಬರಿನಿಂದ ಮೇವರೆಗೆ ಈ ತೀರಗಳಲ್ಲಿ ಹಗ್ಗ ಬಿಚ್ಚಬಾರದು, ಕತ್ತಲಾದ ಮೇಲೆ ನಾಯಿ ಒಯ್ಯಲೇಬಾರದು. ಟ್ರ್ಯಾಕ್ಟರ್ ಹೋದಂಥ ಎರಡು ಸಾಲಿನ ಗುರುತು ನೀರಿನಿಂದ ಮೇಲಕ್ಕೆ ಹೋಗಿದ್ದರೆ ಅದು ಆಮೆಯ ಜಾಡು. ಅದನ್ನು ಅಳಿಸಬೇಡಿ, ಕಾರವಾರದ ಅರಣ್ಯ ಕಚೇರಿಗೆ ತಿಳಿಸಿ.

ಮಾಜಾಳಿ_ಗಾಳಿ

ಆಮೆಯ ಕಾಲದಲ್ಲಿ ಬಿಚ್ಚಬಾರದು ಎಂಬುದು ಸರಿ, ಅದನ್ನು ಮೊದಲೇ ಬರೆಯಬೇಕಿತ್ತು. ಆದರೆ ಅಕ್ಟೋಬರ್, ನವೆಂಬರಿನಲ್ಲಿ ಹತ್ತು ಮೀಟರಿನ ಉದ್ದದ ಹಗ್ಗ ಕಟ್ಟಿ ಓಡಿಸಬಹುದಲ್ಲ? ಕೈಯಲ್ಲಿ ಹಿಡಿಯದೆ ನೆಲದ ಮೇಲೆ ಎಳೆದುಕೊಂಡು ಹೋಗಲಿ, ಬೇಕಾದಾಗ ಕಾಲಿನಿಂದ ಮೆಟ್ಟಿ ನಿಲ್ಲಿಸಬಹುದು. ಹಗ್ಗ ಹತ್ತಿಯದು ಬೇಡ, ನೀರು ಕುಡಿದು ಭಾರವಾಗುತ್ತದೆ. ದೋಣಿಯವರು ಬಳಸುವ ಪ್ಲಾಸ್ಟಿಕ್ ಹಗ್ಗ, 8 ಮಿಮೀ, ಪೇಟೆಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ.

ದೇವಬಾಗ_ಕಾವಲು

ಅದಕ್ಕೆ ಅಡ್ಡಿಯಿಲ್ಲ. ಒಣಗಲು ಹಾಕಿದ ಬಲೆ, ಮೀನಿನ ಹತ್ತಿರ ಮಾತ್ರ ಬಿಡಬೇಡಿ. ಮೀನುಗಾರರ ಜೊತೆ ಜಗಳ ಬರುವುದು ಅಲ್ಲೇ, ತಪ್ಪು ನಾಯಿಯವರದ್ದೇ ಇರುತ್ತದೆ. ಒಣಮೀನಿನ ಉಪ್ಪು ನಾಯಿಗೂ ಒಳ್ಳೆಯದಲ್ಲ.

ಹಬ್ಬುವಾಡ_ಓಣಿ

ಮನೆ ಬಗ್ಗೆ. ಕಾಜುಬಾಗ, ಹಬ್ಬುವಾಡ, ನಂದನಗದ್ದಾ ಕಡೆ ಕಂಪೌಂಡ್ ಇರುವ ಬಿಡಿ ಮನೆಗಳು ಸಿಗುತ್ತವೆ. ಕಡಲಿಗೂ ಹತ್ತಿರ, ಪೇಟೆಗೂ ಹತ್ತಿರ. ಶಿರವಾಡ ಕಡೆ ಬಾಡಿಗೆ ಹಗುರ, ರೈಲು ನಿಲ್ದಾಣವೂ ಅಲ್ಲೇ, ಆದರೆ ಗುಡ್ಡ-ಕಾಡು ಸಮೀಪ. ಬಿಣಗಾದಿಂದ ದಕ್ಷಿಣಕ್ಕೆ ಅರಗಾ ಕಡೆ ತೀರವೆಲ್ಲ ನೌಕಾನೆಲೆಯ ವಶದಲ್ಲಿ, ಅಲ್ಲಿ ಓಡಾಡಿಸುವ ಆಸೆ ಬಿಡಿ. ಕಾಳಿ ಸೇತುವೆ ದಾಟಿ ದಿನಾ ನಡೆದುಕೊಂಡು ಮಾಜಾಳಿ ಕಡೆ ಹೋಗುವ ಯೋಚನೆಯೂ ಬೇಡ. ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದು ಬಿದ್ದಿದೆ. ಲಾರಿ, ಬಸ್ಸುಗಳ ಪಕ್ಕದಲ್ಲಿ ಸೇತುವೆ ಮೇಲೆ ನಾಯಿ ನಡೆಸುವುದು ಸುರಕ್ಷಿತವಲ್ಲ, ಗಾಡಿಯಲ್ಲೇ ದಾಟಿಸಿ.

ಮನೆ ನೋಡುವಾಗ ಬಾಡಿಗೆಗಿಂತ ಮೊದಲು ಜಗಲಿ ನೋಡಿ. ಮಳೆಗಾಲದಲ್ಲಿ ನಾಯಿಯ ಇಡೀ ಬದುಕು ಅಲ್ಲೇ. ಪಶ್ಚಿಮಕ್ಕೆ ತೆರೆದ ಜಗಲಿಯಾದರೆ ಗಾಳಿಮಳೆಯ ಎರಚಲು ನೇರ ಒಳಗೆ ಬರುತ್ತದೆ. ಪೂರ್ವ ಇಲ್ಲವೇ ಉತ್ತರಕ್ಕೆ ಮುಖ ಮಾಡಿದ, ಮಾಡು ಮೂರಡಿಯಾದರೂ ಹೊರಚಾಚಿದ ಜಗಲಿ ಹುಡುಕಿ. ಚಿರೆಕಲ್ಲಿನ ಪಾಗಾರ ಎಷ್ಟೋ ಕಡೆ ಮೂರಡಿಯಷ್ಟೇ ಇರುತ್ತದೆ, ಲ್ಯಾಬ್ರಡಾರ್ ಅಲ್ಲದಿದ್ದರೂ ನಾಡತಳಿಯ ಮರಿ ಆರು ತಿಂಗಳಿಗೆ ಅದನ್ನು ಹಾರುತ್ತದೆ. ಗೇಟಿನ ಕೆಳಗಿನ ಸಂದು ನಾಲ್ಕು ಇಂಚಿಗಿಂತ ಹೆಚ್ಚಿದ್ದರೆ ಹಲಗೆ ಬಡಿಸಿ. ಮರಿ ಹೊರಗೆ ಹೋಗದಿರಲಿ.

ಮಾಲೀಕರಿಗೆ ನಾಯಿ ಇದೆ ಎಂದು ಮೊದಲೇ ಹೇಳಿ, ಕರಾರು ಪತ್ರದಲ್ಲಿ ಬರೆಸಿಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಪಕ್ಕದ ಮನೆಯವರ ಒಂದೇ ದೂರಿಗೆ ಮುರಿಯುತ್ತದೆ. ಲಸಿಕೆ ಪುಸ್ತಕದ ನಕಲು ಕೊಟ್ಟರೆ ಅರ್ಧ ಅನುಮಾನ ಕಳೆಯುತ್ತದೆ.

ಇನ್ನು ಮಳೆ. ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಮೀಗಿಂತ ಹೆಚ್ಚು ಬೀಳುತ್ತದೆ, ಬಹುಪಾಲು ನಾಲ್ಕೇ ತಿಂಗಳಲ್ಲಿ. ಮೈ ಒದ್ದೆಯಾಗುವುದು ಸಮಸ್ಯೆಯಲ್ಲ, ಒಣಗದಿರುವುದು ಸಮಸ್ಯೆ. ಲ್ಯಾಬ್ರಡಾರಿಗೆ ಎರಡು ಪದರ ರೋಮ. ಮೇಲಿನದು ಒಣಗಿದಂತೆ ಕಂಡರೂ ಒಳಗಿನದು ಗಂಟೆಗಟ್ಟಲೆ ಹಸಿ ಇರುತ್ತದೆ. ಅಲ್ಲಿಂದ ಹುಣ್ಣು ಶುರು: ಬೆಳಗ್ಗೆ ರೂಪಾಯಿ ಅಗಲದ ಕೆಂಪು ಕಲೆ, ಸಂಜೆಗೆ ಅಂಗೈ ಅಗಲ. ಆದ್ದರಿಂದ ಮಳೆಗಾಲದಲ್ಲಿ ವಾರಕ್ಕೊಮ್ಮೆ ಸ್ನಾನ ಎಂಬ ನಿಯಮ ಬಿಡಿ, ತಿಂಗಳಿಗೊಮ್ಮೆ ಸಾಕು. ದಿನಾ ಹೊರಗಿಂದ ಬಂದ ಮೇಲೆ ಎರಡು ಟವೆಲ್: ಒಂದು ನೀರು ಹೀರಲು, ಇನ್ನೊಂದು ಒಣ ಟವೆಲ್ ರೋಮದ ವಿರುದ್ಧ ದಿಕ್ಕಿಗೆ ಉಜ್ಜಲು. ಬೆರಳಸಂದಿ, ಕಂಕುಳು, ಬಾಲದ ಬುಡ, ಕುತ್ತಿಗೆ ಪಟ್ಟಿಯ ಅಡಿ ಇವೇ ಮರೆತುಹೋಗುವ ಜಾಗ. ಮನೆಯೊಳಗೆ ಪಟ್ಟಿ ಬಿಚ್ಚಿಡಿ. ಚರ್ಮದ ಪಟ್ಟಿ ಬೂಸ್ಟು ಹಿಡಿಯುತ್ತದೆ, ನೈಲಾನಿನದು ಎರಡು ಇರಲಿ.

ಮಲಗಲು ಗೋಣಿಚೀಲ, ಹಳೆ ಹಾಸಿಗೆ ಬೇಡ, ನೆಲದ ತಂಪು ಹೀರಿ ಒದ್ದೆಯಾಗುತ್ತವೆ. ನಾಲ್ಕು ಇಂಚು ಎತ್ತರದ ಹಲಗೆ ಮಣೆ, ಮೇಲೆ ತೊಳೆಯಬಹುದಾದ ತೆಳು ಚಾಪೆ. ನಾಯಿಯ ಒಣ ಆಹಾರ ಹತ್ತು ಕೆಜಿ ಚೀಲ ಅಗ್ಗವಾಗಬಹುದು, ಆದರೆ ಜೂನಿನಲ್ಲಿ ತೆರೆದ ಚೀಲ ತಿಂಗಳೊಳಗೆ ಮುಗ್ಗುತ್ತದೆ. ಆ ಬೂಸ್ಟಿನ ವಿಷ ಯಕೃತ್ತಿಗೆ ಹೊಡೆತ. ಮೂರು ಕೆಜಿಯದು ತಂದು, ಚೀಲ ಸಮೇತ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ಮನೆ ಅಡುಗೆಯಾದರೆ ಕುಚಲಕ್ಕಿ ಅನ್ನದ ಜೊತೆ ಉಪ್ಪು-ಖಾರ ಹಾಕದೆ ಬೇಯಿಸಿದ ತಾರ್ಲೆ, ಬಂಗಡೆ ಒಳ್ಳೆಯದೇ, ಮುಳ್ಳು ಪೂರ್ತಿ ಬಿಡಿಸಿದ್ದರೆ.

ಸಿರ್ಸಿ_ತೋಟದಾಚೆ

ಕರಾವಳಿಯವರು ಉಣುಗಿನ (ಉಣ್ಣಿಯ) ವಿಷಯ ಇನ್ನೂ ತೆಗೆದಿಲ್ಲ. ಕಾರವಾರದಿಂದ ರಜೆಗೆ ಘಟ್ಟದ ಮೇಲೆ ನಾಯಿ ಕರೆದುಕೊಂಡು ಬರುವವರು ತುಂಬಾ ಜನ. ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬರುವ ಮೊದಲು ಇಷ್ಟು ತಿಳಿದಿರಲಿ.

ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. ಕಾಡಿನ ಎಲೆಯ ರಾಶಿಯಲ್ಲಿ ಎಳ್ಳುಕಾಳಿನಷ್ಟು ಸಣ್ಣ ಮರಿ ಉಣುಗು ಇರುತ್ತವೆ, ನಾಯಿಯ ಮೈ ಹತ್ತಿ ಮನೆಯೊಳಗೆ ಬರುತ್ತವೆ. ಕಾಯಿಲೆಯ ಭಯ ನಾಯಿಗಿಂತ ಮನೆಯ ಜನಕ್ಕೆ. ಸತ್ತ ಮಂಗ ಕಂಡ ಜಾಗಕ್ಕೆ ನಾಯಿ ಒಯ್ಯಲೇಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ. ಅವರು ಕೊಡುವ, ಉಣುಗು ಓಡಿಸುವ ಡೆಪಾ ತೈಲ ಮನುಷ್ಯರ ಕೈಕಾಲಿಗೆ. ನಾಯಿ ನೆಕ್ಕುತ್ತದೆ, ಅದಕ್ಕೆ ಹಚ್ಚಬೇಡಿ.

ಮಳೆಗಾಲದಲ್ಲಿ ಉಂಬಳ (ಜಿಗಣೆ). ಕಾಲಿಗೆ ಹತ್ತಿದ್ದು ತೊಂದರೆಯಲ್ಲ. ಹಳ್ಳದ ನೀರು ಕುಡಿಯುವಾಗ ಮೂಗಿನೊಳಗೆ ಹೋದದ್ದು ತೊಂದರೆ. ಒಂದೇ ಹೊಳ್ಳೆಯಿಂದ ರಕ್ತ, ಪದೇ ಪದೇ ಸೀನು, ತಲೆ ಕೊಡವುವುದು, ಇಷ್ಟಿದ್ದರೆ ಒಳಗೆ ಉಂಬಳ ಇದೆ ಎಂದೇ ಅನುಮಾನಿಸಿ. ಉಪ್ಪುನೀರು, ಹೊಗೆಸೊಪ್ಪಿನ ನೀರು ಮೂಗಿಗೆ ಹಾಕುವುದು ಕ್ರೂರ, ಅಪಾಯ ಕೂಡ. ಮೂರು-ನಾಲ್ಕು ಗಂಟೆ ನೀರು ಕೊಡದೆ ಇಟ್ಟು, ಆಮೇಲೆ ಅಗಲ ಬಟ್ಟಲಲ್ಲಿ ತಣ್ಣೀರು ಮೂಗಿನ ಹತ್ತಿರ ಹಿಡಿದರೆ ಉಂಬಳ ತಾನೇ ತಲೆ ಹೊರಗೆ ಹಾಕುತ್ತದೆ, ಒರಟು ಬಟ್ಟೆಯಲ್ಲಿ ಹಿಡಿದು ನಿಧಾನ ಎಳೆಯಬಹುದು. ಬರದಿದ್ದರೆ ವೈದ್ಯರೇ ತೆಗೆಯಬೇಕು.

ಇನ್ನೊಂದು ಪೇಟೆಯವರಿಗೆ ಗೊತ್ತೇ ಇರುವುದಿಲ್ಲ. ಜೂನ್-ಜುಲೈಯಲ್ಲಿ ಅಡಿಕೆ ಕೊಳೆಗೆ ಬೋರ್ಡೋ ಹೊಡೆಯುತ್ತಾರೆ: 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಔಷಧ ಕದಡಿದ ಡ್ರಮ್ಮಿನ ಪಕ್ಕ ನಿಂತ ನೀಲಿ ನೀರು ಕುಡಿದರೆ ನಾಯಿಗೆ ನೀಲಿ-ಹಸಿರು ವಾಂತಿ, ರಕ್ತಭೇದಿ. ಔಷಧ ಹೊಡೆದ ತೋಟದಲ್ಲಿ ತಿರುಗಿ ಬಂದ ನಾಯಿಯ ಕಾಲು ನೆಕ್ಕುವ ಮೊದಲೇ ತೊಳೆಯಿರಿ. ಕಾಡಂಚಿನ ಗದ್ದೆಗಳಲ್ಲಿ ಹಂದಿಗೆ ಇಟ್ಟ ಉರುಳು, ಸಿಡಿಯುವ ಉಂಡೆ ಇರುವುದುಂಟು, ಅದು ಕಾನೂನುಬಾಹಿರವಾದರೂ. ಆದ್ದರಿಂದ ಅಲ್ಲಿ ನಾಯಿ ಬಿಡಬೇಡಿ.

ರಾತ್ರಿ ಅಂಗಳದಲ್ಲಿ ಕಟ್ಟಿ ಹಾಕುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತು. ಕದ ಇರುವ ಕೋಣೆ ಇಲ್ಲವೇ ನಾಲ್ಕೂ ಕಡೆ, ಮೇಲೂ ಸರಳು ಇರುವ ಗೂಡು ಬೇಕು. ಕಾರವಾರದ ಗುಡ್ಡದ ಬುಡದ ಮನೆಗಳಿಗೂ ಈ ಮಾತು ಅನ್ವಯ.

ಪಶುವೈದ್ಯ_ಉ.ಕ.

ಉಣ್ಣಿಯ ಬಗ್ಗೆ ನನ್ನದೊಂದಿಷ್ಟು ಸೇರಿಸುತ್ತೇನೆ. ಪೇಟೆಯ ನಾಯಿಗಳನ್ನು ಕಾಡುವುದು ಕಂದು ಬಣ್ಣದ ನಾಯಿ ಉಣ್ಣಿ. ಅದು ಗೋಡೆಯ ಬಿರುಕು, ಬಾಗಿಲ ಚೌಕಟ್ಟಿನಲ್ಲೇ ಮೊಟ್ಟೆಯಿಡುತ್ತದೆ. ನಾಯಿಗಷ್ಟೇ ಔಷಧ ಹಾಕಿ ಮನೆ ಬಿಟ್ಟರೆ ಮೂರು ವಾರದಲ್ಲಿ ಮತ್ತೆ ಅಷ್ಟೇ ಉಣ್ಣಿ. ಬಿರುಕುಗಳಿಗೆ ಸಿಮೆಂಟು, ಚಾಪೆಗಳಿಗೆ ಕುದಿಯುವ ನೀರು.

ಕುತ್ತಿಗೆಯ ಮೇಲೆ ಬಿಡುವ ಹನಿ ಔಷಧ ಈ ಮಳೆಗೆ ಅಷ್ಟು ನಿಲ್ಲುವುದಿಲ್ಲ. ಹಾಕುವ ಎರಡು ದಿನ ಮೊದಲು, ಹಾಕಿದ ಎರಡು ದಿನ ನಂತರ ಮೈ ಒದ್ದೆಯಾಗಬಾರದು, ಜುಲೈಯಲ್ಲಿ ಅದು ಸಾಧ್ಯವಿಲ್ಲ. ಮಳೆಗಾಲಕ್ಕೆ ಬಾಯಿಯಿಂದ ಕೊಡುವ ಮಾತ್ರೆ ಮೇಲು: ಅಫಾಕ್ಸೊಲನರ್ ತಿಂಗಳಿಗೊಮ್ಮೆ, ಫ್ಲೂರಲನರ್ 12 ವಾರಕ್ಕೊಮ್ಮೆ, ತೂಕ ನೋಡಿ. ಫಿಟ್ಸ್ ಬರುವ ನಾಯಿಯಾದರೆ ಮೊದಲೇ ಹೇಳಬೇಕು.

ಕಚ್ಚಿದ ಉಣ್ಣಿಯನ್ನು ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಕೆಣಕಿದ ಉಣ್ಣಿ ಒಳಗಿನದನ್ನು ಗಾಯಕ್ಕೆ ಕಾರುತ್ತದೆ, ರೋಗವೂ ಅದರ ಜೊತೆ.

ಉಣ್ಣಿ ಜ್ವರ ಇಲ್ಲಿ ವರ್ಷವಿಡೀ ಇದೆ. ಊಟ ಬಿಡುವುದು, ಒಸಡು ಬಿಳಚುವುದು, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕಿ, ಮೂಗಿನಲ್ಲಿ ರಕ್ತ. ಪ್ಲೇಟ್‌ಲೆಟ್ ಎರಡು ಲಕ್ಷಕ್ಕಿಂತ ಕೆಳಗಿದ್ದರೆ ಅನುಮಾನ ಗಟ್ಟಿ. ಉಣ್ಣಿ ಹರಡುವ ಎರ್ಲಿಕಿಯಾ ರೋಗಾಣು ಎಂದು ಗೊತ್ತಾದರೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ. ಮೂರನೇ ದಿನಕ್ಕೆ ನಾಯಿ ಚುರುಕಾಗುತ್ತದೆ, ಮನೆಯವರು ಹತ್ತನೇ ದಿನಕ್ಕೆ ನಿಲ್ಲಿಸುತ್ತಾರೆ, ರೋಗ ಎಲುಬಿನ ಮಜ್ಜೆಯಲ್ಲಿ ಉಳಿದು ಮುಂದೆ ಔಷಧಕ್ಕೆ ಬಗ್ಗದ ರೂಪದಲ್ಲಿ ಬರುತ್ತದೆ. ಮಾತ್ರೆಯನ್ನು ಊಟದ ಜೊತೆಗೇ ಕೊಡಿ, ಒಣಗಿದ ಗಂಟಲಿಗೆ ಹಾಕಿದರೆ ಅನ್ನನಾಳದಲ್ಲಿ ಅಂಟಿ ಹುಣ್ಣಾಗುತ್ತದೆ. ಮೂಗಿನ ರಕ್ತಕ್ಕೆ ಸಿರ್ಸಿಯವರು ಹೇಳಿದ ಉಂಬಳವೂ ಕಾರಣವಿರಬಹುದು, ಎರಡನ್ನೂ ನೋಡಬೇಕು.

ಜ್ವರ ಎಂದು ಮನುಷ್ಯರ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ಯಾವುದೂ ಸಲ್ಲ. ಉಣ್ಣಿ ಜ್ವರದಲ್ಲಿ ಮೊದಲೇ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ಐಬುಪ್ರೊಫೇನ್, ಡೈಕ್ಲೊಫೆನಾಕ್ ಹೊಟ್ಟೆಯಲ್ಲಿ ರಕ್ತಸ್ರಾವ ತರುತ್ತವೆ.

ಇಲಿಜ್ವರದ ಲಸಿಕೆಯನ್ನು ಮೇ ಮುಗಿಯುವುದರೊಳಗೆ ಹಾಕಿಸಿ. ಮೊದಲ ಸಲವಾದರೆ ಮೂರು-ನಾಲ್ಕು ವಾರದ ಅಂತರದಲ್ಲಿ ಎರಡು ಡೋಸು, ಆಮೇಲೆ ವರ್ಷಕ್ಕೊಂದು. ಗಟಾರ ತುಂಬಿ ಹರಿಯುವ ನೀರಿನಲ್ಲಿ ನಡೆದ ನಾಯಿಗೆ ಇದು ಬರುತ್ತದೆ, ಅದರ ಮೂತ್ರದಿಂದ ಮನೆಯವರಿಗೂ ಬರುತ್ತದೆ. ಕಣ್ಣು ಹಳದಿಯಾದ ನಾಯಿಯ ಮೂತ್ರವನ್ನು ಬರಿಗೈಯಲ್ಲಿ ಒರೆಸಬೇಡಿ.

ಹುಬ್ಬಳ್ಳಿ_ಕಡೆಯವ

ಎಲ್ಲರಿಗೂ ದೊಡ್ಡ ನಮಸ್ಕಾರ. ಎರಡು ಉಳಿದವು: ಮರಿಯನ್ನು ಯಾವಾಗ ನೆಲಕ್ಕೆ ಬಿಡಬಹುದು? ಮತ್ತು ರಾತ್ರಿಯ ತುರ್ತು.

ಪಶುವೈದ್ಯ_ಉ.ಕ.

ಮರಿಗೆ ಆರರಿಂದ ಎಂಟನೇ ವಾರದಲ್ಲಿ ಶುರುವಾದ ಸಂಯುಕ್ತ ಲಸಿಕೆ ಮೂರು-ನಾಲ್ಕು ವಾರಕ್ಕೊಮ್ಮೆ 16ನೇ ವಾರದವರೆಗೆ ನಡೆಯಬೇಕು. ರೇಬಿಸ್ ಲಸಿಕೆ 12 ವಾರ ತುಂಬಿದ ಮೇಲೆ, ಮತ್ತೊಂದು ತಿಂಗಳ ನಂತರ, ಆಮೇಲೆ ವರ್ಷಕ್ಕೊಮ್ಮೆ. ಕೊನೆಯ ಡೋಸಿನ ಎರಡು ವಾರದ ನಂತರವೇ ಬೀದಿ, ಕಡಲತೀರ. ಮರಿಗಳಿಗೆ ಮಾರಕ ರಕ್ತಭೇದಿ ತರುವ ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಬೀದಿನಾಯಿ ಮಲವಿರುವ ಜಾಗವೆಲ್ಲ ಮರಿಗೆ ಅಪಾಯ. ಅಷ್ಟರವರೆಗೆ ಎತ್ತಿಕೊಂಡು ತಿರುಗಾಡಿ, ಕಡಲಿನ ಸದ್ದು, ಲಾರಿ, ಜನ ಎಲ್ಲ ರೂಢಿಯಾಗಲಿ. ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಅಂಗಡಿಯಿಂದ ನೀವೇ ತರುವುದಾದರೆ ಮಂಜುಗಡ್ಡೆ ಇರುವ ಪೆಟ್ಟಿಗೆ ಒಯ್ಯಿರಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವ ಊರು, ಆದ್ದರಿಂದ ಫ್ರಿಜ್ಜಿಗೆ ಬ್ಯಾಕಪ್ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಬೀದಿನಾಯಿ ನಿಮ್ಮ ನಾಯಿಗೆ ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ತೊಳೆಯುವಾಗ ಕೈಗವಸು ಇರಲಿ. ಲಸಿಕೆ ಆಗಿದ್ದರೂ ಮರುಡೋಸು ಬೇಕು. ಮನುಷ್ಯರಿಗೆ ಕಚ್ಚಿದರೆ ಅದೇ ದಿನ ಸರ್ಕಾರಿ ಆಸ್ಪತ್ರೆ, ಚರ್ಮದೊಳಗಿನ ಲಸಿಕೆ 0, 3, 7, 28ನೇ ದಿನ. ರಕ್ತ ಬಂದ ಗಾಯಕ್ಕೆ ಸೀರಂ ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ.

ಕೋಡಿಬಾಗ_ದಂಡೆ

ತುರ್ತಿನ ವಿಷಯದಲ್ಲಿ ಊರು ಹಿಂದಿದೆ. ಸರ್ಕಾರಿ ಪಶು ಆಸ್ಪತ್ರೆ ಇದೆ, ಹಗಲಿನ ಲಸಿಕೆ, ಗಾಯ, ಜ್ವರಕ್ಕೆ ಅನುಕೂಲವಿದೆ. 1962ಕ್ಕೆ ಕರೆ ಮಾಡಿದರೆ ಪಶು ಸಂಜೀವಿನಿ ವಾಹನ, ಅದು ಹೆಚ್ಚಾಗಿ ದನಕರುಗಳ ಕೆಲಸದಲ್ಲಿರುತ್ತದೆ. ದೊಡ್ಡ ಶಸ್ತ್ರಚಿಕಿತ್ಸೆ ಎಂದರೆ ಉತ್ತರಕ್ಕೆ ಗೋವಾ, ಪೂರ್ವಕ್ಕೆ ಹುಬ್ಬಳ್ಳಿ-ಧಾರವಾಡ, ಸಿರ್ಸಿಯವರಾದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು. ಮಡಗಾಂವ ಸುಮಾರು 70 ಕಿಮೀ, ಹುಬ್ಬಳ್ಳಿ 165. ಹೊಟ್ಟೆ ಉಬ್ಬಿ, ವಾಂತಿಗೆ ಒತ್ತಿದರೂ ಏನೂ ಬಾರದೆ ಒದ್ದಾಡುವ ದೊಡ್ಡ ನಾಯಿಗೆ ಸಿಗುವುದು ಕೆಲವೇ ಗಂಟೆ. ಬೆಳಗಾಗಲಿ ಎಂದು ಕಾಯುವಂತಿಲ್ಲ, ಮಡಗಾಂವಕ್ಕೆ ಹೊರಡಿ, ದಾರಿಯಲ್ಲೇ ಫೋನ್ ಮಾಡಿ.

ಮಳೆಗಾಲದಲ್ಲಿ ಒಂದೇ ದಾರಿ ನಂಬಬೇಡಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದದ್ದು ಎಲ್ಲರಿಗೂ ನೆನಪಿದೆ. ದಿನಾ ಮಾತ್ರೆ ತಿನ್ನುವ ನಾಯಿ ಇದ್ದರೆ ಜೂನಿನಲ್ಲೇ ಒಂದು ತಿಂಗಳ ದಾಸ್ತಾನು ಇರಲಿ. ಇಬ್ಬರು ವೈದ್ಯರ ನಂಬರ್, ಒಬ್ಬ ಟ್ಯಾಕ್ಸಿಯವನ ನಂಬರ್ ಗೋಡೆಗೆ ಅಂಟಿಸಿ. ನಾಯಿ ಹತ್ತಿಸಿಕೊಳ್ಳುತ್ತೀರಾ ಎಂದು ಟ್ಯಾಕ್ಸಿಯವನನ್ನು ಇವತ್ತೇ ಕೇಳಿಡಿ, ರಾತ್ರಿ ಎರಡಕ್ಕೆ ಕೇಳಿದರೆ ಉತ್ತರ ಬೇರೆ ಬರುತ್ತದೆ.

ಹಾವು ಕಚ್ಚಿದರೆ ಕಟ್ಟು ಹಾಕಬೇಡಿ, ಕೊಯ್ಯಬೇಡಿ, ನಡೆಸಬೇಡಿ. ಎತ್ತಿಕೊಂಡು ಹೋಗಿ. ನಾಯಿಗೂ ಮನುಷ್ಯರಿಗೆ ಕೊಡುವ ಪಾಲಿವೇಲೆಂಟ್ (ಹಲವು ಹಾವಿನ ವಿಷಕ್ಕೆ ಒಂದೇ) ಮದ್ದೇ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳಿಗೆ ಅದು ಕೆಲಸ ಮಾಡುತ್ತದೆ. ನಮ್ಮ ಗುಡ್ಡದ ಗೂನುಮೂಗಿನ ಮಂಡಲಕ್ಕೆ ಮಾಡುವುದಿಲ್ಲ, ಅದಕ್ಕೆ ಸಲೈನ್ ಮುಂತಾದ ಆಸರೆ ಚಿಕಿತ್ಸೆಯೇ ಗತಿ. ಸಾಧ್ಯವಾದರೆ ದೂರದಿಂದ ಹಾವಿನ ಫೋಟೋ ತೆಗೆಯಿರಿ, ಹಿಡಿಯಲು ಹೋಗಬೇಡಿ. ಮಳೆಗಾಲದ ರಾತ್ರಿ ನಾಯಿ ನೆಲಗಪ್ಪೆಯನ್ನು ಕಚ್ಚಿ ಬಾಯಲ್ಲಿ ನೊರೆ ಬಂದರೆ ಅದು ಹಾವಲ್ಲ. ತಲೆ ಕೆಳಗೆ ಮಾಡಿ ಬಾಯಿಯ ಪಕ್ಕದಿಂದ ಹೊರಕ್ಕೆ ನೀರು ಹರಿಸಿ, ಒಸಡು ಒರೆಸಿ. ನೀರು ಗಂಟಲಿಗೆ ಹೋಗಬಾರದು.

ಹಬ್ಬುವಾಡ_ಓಣಿ

ಬೀದಿನಾಯಿ ವಿಷಯ ಒಂದು ಮಾತು. ಸಂಜೆ ಹೊತ್ತು ಹಿಂಡು ಎದುರಾದರೆ ಓಡಬೇಡಿ, ನಿಮ್ಮ ನಾಯಿಯನ್ನು ಎತ್ತಬೇಡಿ, 32 ಕೆಜಿ ಎತ್ತಲು ಹೋಗಿ ಬೀಳುತ್ತೀರಿ. ಕೊಡೆ ಬಿಚ್ಚಿ ಮಧ್ಯೆ ಹಿಡಿದು ಪಕ್ಕಕ್ಕೆ ಸರಿಯಿರಿ. ಇಲ್ಲಿ ಅರ್ಧ ವರ್ಷ ಕೊಡೆ ಕೈಯಲ್ಲೇ ಇರುತ್ತದೆ. ಬೀದಿನಾಯಿಗೆ ಅನ್ನ ಹಾಕುವವರು ನಗರಸಭೆ ಗುರುತಿಸಿದ ಜಾಗದಲ್ಲಿ ಮಾತ್ರ ಹಾಕಬೇಕು, 2025ರ ಆಗಸ್ಟ್ 22ರ ಸುಪ್ರೀಂ ಕೋರ್ಟ್ ಆದೇಶ ಅದನ್ನೇ ಹೇಳುತ್ತದೆ. ಮನೆ ಬಾಗಿಲಲ್ಲಿ ಹಾಕಿದರೆ ಆ ಹಿಂಡು ಬಾಗಿಲನ್ನೇ ತನ್ನದು ಮಾಡಿಕೊಂಡು ನಿಮ್ಮ ನಾಯಿಯ ಮೇಲೇ ಬೀಳುತ್ತದೆ.

ಸಾಕಿದ ನಾಯಿಯೂ ಹಗ್ಗವಿಲ್ಲದೆ ಅಲೆದು ಯಾರಿಗಾದರೂ ಕಚ್ಚಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಇದೆ: ಆರು ತಿಂಗಳವರೆಗೆ ಸೆರೆ, ಇಲ್ಲವೇ ಐದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಪಟ್ಟಿಗೆ ಫೋನ್ ನಂಬರ್ ಕೆತ್ತಿದ ಬಿಲ್ಲೆ ಹಾಕಿ, ಸ್ಟೀಲಿನದೇ ಆಗಲಿ, ಕಬ್ಬಿಣದ್ದು ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ಓದಲಾಗದಂತೆ ತುಕ್ಕು ಹಿಡಿಯುತ್ತದೆ. ಬೆಲ್ಟಿನ ಕೊಕ್ಕೆಯೂ ಅಷ್ಟೇ, ತಿಂಗಳಿಗೊಮ್ಮೆ ಎಳೆದು ನೋಡಿ. ಕರಾವಳಿ ಉತ್ಸವದ ದಿನಗಳಲ್ಲಿ ಟಾಗೋರ್ ತೀರದ ಕಡೆ ಒಯ್ಯಬೇಡಿ, ಧ್ವನಿವರ್ಧಕದ ಸದ್ದು, ಪಟಾಕಿ.

ಶಿರವಾಡ_ಪಾರ್ಸೆಲ್

ಬರುವ ದಾರಿ ಬಗ್ಗೆ ಯಾರೂ ಹೇಳಲಿಲ್ಲ. ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗ ಇನ್ನೂ ಆಗಿಲ್ಲ, ರೈಲಿನಲ್ಲಾದರೆ ಲೋಂಡಾ, ಮಡಗಾಂವ ಸುತ್ತಿ ಬರಬೇಕು. ರೈಲಿನ ನಿಯಮ: ಪ್ರಥಮ ದರ್ಜೆ ಎಸಿಯಲ್ಲಿ ಇಡೀ ಕೂಪೆ ನಿಮ್ಮದಾದರೆ ಮಾತ್ರ ನಾಯಿ ಜೊತೆಗೆ. ಎರಡನೇ, ಮೂರನೇ ಎಸಿ, ಸ್ಲೀಪರ್, ಚೇರ್ ಕಾರಿನಲ್ಲಿ ಇಲ್ಲ. ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ನಾಯಿಪೆಟ್ಟಿಗೆ. 32 ಕೆಜಿ ಲ್ಯಾಬ್ರಡಾರಿಗೆ ಅದು ಇಕ್ಕಟ್ಟು, ಮೇ ಸೆಕೆಯಲ್ಲಿ ಬೇಡ. ಯಾವ ರೀತಿಯಾದರೂ ಪಾರ್ಸೆಲ್ ಕಚೇರಿಗೆ ಸಾಕಷ್ಟು ಮೊದಲೇ ಬಂದು ತೂಕ ಹಾಕಿಸಿ ರಸೀದಿ ತೆಗೆಸಬೇಕು, ಟಿಕೆಟ್, ಗುರುತಿನ ಚೀಟಿ, ಲಸಿಕೆ ಪುಸ್ತಕ, ವೈದ್ಯರ ಪ್ರಯಾಣ ಯೋಗ್ಯ ಪತ್ರ ಜೊತೆಗಿರಬೇಕು. ರಸೀದಿ ಇಲ್ಲದೆ ಹತ್ತಿಸಿದರೆ ದಂಡ.

ನಿಮಗೆ ಕಾರೇ ಸರಿ. ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ. ಹೊರಡುವ ಆರು ಗಂಟೆ ಮೊದಲು ಲ್ಯಾಬ್ರಡಾರಿಗೆ ಊಟ ನಿಲ್ಲಿಸಿ, ನೀರು ಕೊಡಿ. ಮರಿಗೆ ಅಷ್ಟು ಹೊತ್ತು ಉಪವಾಸ ಬೇಡ, ಮೂರು ಗಂಟೆ ಸಾಕು. ಅರಬೈಲಿನ ತಿರುವುಗಳಲ್ಲಿ ವಾಂತಿ ಖಂಡಿತ ಎನ್ನುವ ನಾಯಿಯಾದರೆ ಮರೋಪಿಟೆಂಟ್ ಮಾತ್ರೆ ವೈದ್ಯರನ್ನು ಕೇಳಿ, ಹೊರಡುವ ಎರಡು ಗಂಟೆ ಮೊದಲು ಕೊಡಬೇಕು. ಯಲ್ಲಾಪುರದಲ್ಲಿ ಇಳಿಸಿ ಹತ್ತು ನಿಮಿಷ ನಡೆಸಿ, ಹಗ್ಗ ಹಿಡಿದುಕೊಂಡೇ ಬಾಗಿಲು ತೆರೆಯಿರಿ. ಮರಿಯನ್ನು ಅಲ್ಲಿ ನೆಲಕ್ಕೆ ಬಿಡಬೇಡಿ, ಹಳೆ ಪತ್ರಿಕೆ ಹಾಸಿದ ಡಿಕ್ಕಿಯಲ್ಲೇ ಮೂತ್ರ ಮಾಡಿಸಿ. ಬೆಳಗ್ಗೆ ಐದಕ್ಕೆ ಬಿಟ್ಟರೆ ಘಟ್ಟ ಇಳಿಯುವಾಗ ಇನ್ನೂ ತಂಪಿರುತ್ತದೆ, ಒಂಬತ್ತು-ಒಂಬತ್ತೂವರೆಗೆ ಕಾರವಾರ.

ಹುಬ್ಬಳ್ಳಿ_ಕಡೆಯವ

ಲ್ಯಾಬ್ರಡಾರಿನ ಇಲಿಜ್ವರದ ಲಸಿಕೆ ಹಿಂದೆ ಆಗಿಲ್ಲ. ಮೇ ಕೊನೆಗೆ ಎರಡೂ ಡೋಸು ಮುಗಿಯಬೇಕಾದರೆ ಮೊದಲನೆಯದನ್ನು ಇಲ್ಲೇ ಹಾಕಿಸಿ ಬರಬೇಕೇ?

ಪಶುವೈದ್ಯ_ಉ.ಕ.

ಹೌದು, ಏಪ್ರಿಲ್ ಕೊನೆಯ ವಾರ ಅಲ್ಲಿ ಮೊದಲನೆಯದು, ಮೇ ಕೊನೆಯ ವಾರ ಇಲ್ಲಿ ಎರಡನೆಯದು. ಹಾಕಿಸಿದ ಮೂರು ದಿನ ಪ್ರಯಾಣ ಬೇಡ. ಲಸಿಕೆಯ ಸೀಸೆಯ ಅಂಟುಚೀಟಿಯನ್ನು ಪುಸ್ತಕದಲ್ಲಿ ಅಂಟಿಸಿಕೊಂಡು ಬನ್ನಿ, ಇಲ್ಲಿ ಅದೇ ಕಂಪನಿಯದು ಹಾಕಬಹುದು.